ಲಿಲಾವಿಗಿಂತ ಮೊದಲು

ಉಮರಗಾ
೧೮ ಜನವರಿ ೨೦೧೬

ಪೂಜ್ಯ ಅತ್ತೆಯವರಿಗೆ ಸೊಸೆ ಪ್ರೇಮಾ ಮಾಡುವ ನಮಸ್ಕಾರಗಳು.

ಇಲ್ಲಿ ಎಲ್ಲರೂ ಕ್ಷೇಮ. ನಳಕ್ಕೆ ನೀರು ಬಂದು ಹನ್ನೊಂದು ದಿನವಾಯಿತು, ಅದೊಂದು ಬಿಟ್ಟರೆ ಕೊರತೆಯಿಲ್ಲ. ಈ ಪತ್ರ ನಿಮ್ಮ ಮಗನ ಟಿಕೀಟು ಚೀಲದಲ್ಲಿ ಬರುತ್ತಿದೆ. ಉದಗೀರ ಗಾಡಿಯ ಕಂಡಕ್ಟರನನ್ನು ಕಟ್ಟಿಕೊಂಡದ್ದಕ್ಕೆ ನನಗೆ ಅಂಚೆ ಖರ್ಚು ಉಳಿದಿದೆ. ಫೋನಿನಲ್ಲೇ ಹೇಳೋಣವೆಂದರೆ ನಿಮ್ಮ ಕಿವಿಗೆ ಅದರಲ್ಲಿ ಎಣ್ಣೆ ಕಾದ ಸದ್ದಷ್ಟೇ ಕೇಳುತ್ತದೆ. ಅಲ್ಲದೆ ಈ ವಿಷಯವನ್ನು ಓಣಿಗೆಲ್ಲ ಕೇಳುವಂತೆ ಕೂಗಿ ಹೇಳಲು ನನಗೆ ಧೈರ್ಯವಿಲ್ಲ.

ನಾನು ಸ್ವಂತ ವ್ಯಾಪಾರ ಶುರು ಮಾಡಬೇಕೆಂದಿದ್ದೇನೆ. ಮನೆಗಳ ವ್ಯಾಪಾರ. ನಗಬೇಡಿ, ಪೂರ್ತಿ ಓದಿ.

ಹನ್ನೊಂದು ವರ್ಷ ರಜಿಸ್ಟ್ರಿ ಕಚೇರಿಯ ಮುಂದೆ ದಸ್ತಾವೇಜು ಬರೆಯುವ ಶಾಂತವೀರಪ್ಪನವರ ಮೇಜಿಗೆ ಕುಳಿತು ಊರವರ ಖರೀದಿಪತ್ರ ಟೈಪು ಮಾಡಿದ್ದೇನೆ. ಎರಡು ವರ್ಷದಿಂದ ಮಳೆ ಕೈಕೊಟ್ಟ ಮೇಲೆ ಖರೀದಿ ಕಡಿಮೆಯಾಗಿ ಬ್ಯಾಂಕಿನ ಹರಾಜು, ಲಿಲಾವುಗಳೇ ಹೆಚ್ಚಾಗಿವೆ. ಸಾಲ ಕಟ್ಟದವರ ಮನೆಗೆ ಮೊದಲು ನೋಟೀಸು ಬರುತ್ತದೆ. ಅರವತ್ತು ದಿನ ಕಳೆದ ಮೇಲೆ ಬಾಗಿಲಿಗೆ ಕಾಗದ ಅಂಟುತ್ತದೆ, ಆಮೇಲೆ ಲಿಲಾವು. ಕೂಗುವವರು ಯಾವಾಗಲೂ ಅದೇ ಮೂರು ಜನ. ಬೆಳಿಗ್ಗೆ ಹೊಟೇಲಿನಲ್ಲಿ ಚಹಾ ಕುಡಿಯುತ್ತ ಇವತ್ತು ಯಾರ ಸರದಿ ಎಂದು ಮಾತಾಡಿಕೊಂಡೇ ಬರುತ್ತಾರೆ. ಇಪ್ಪತ್ತೈದು ಲಕ್ಷದ ಮನೆ ಹದಿನೈದಕ್ಕೆ ಹೋಗುತ್ತದೆ. ಸಾಲವೂ ತೀರುವುದಿಲ್ಲ, ಮನೆಯವರ ಕೈಗೆ ಒಂದು ಬಿಡಿಗಾಸೂ ಬರುವುದಿಲ್ಲ.

ಆದರೆ ಲಿಲಾವಿಗಿಂತ ಮೊದಲು ಮನೆಯವರೇ ಮಾರಿ ಬ್ಯಾಂಕಿನ ಹಣ ಕಟ್ಟಬಹುದು. ಇದು ಬಹಳ ಜನಕ್ಕೆ ಗೊತ್ತಿಲ್ಲ. ಗೊತ್ತಿದ್ದವರಿಗೆ ನಾಚಿಕೆ. ನಾನು ಅಂಥವರ ಮನೆಗೆ ಹೋಗಿ ಒಂದು ಬೆಲೆಗೆ ಒಪ್ಪಿಸಿ, ಸ್ವಲ್ಪ ಮುಂಗಡ ಕೊಟ್ಟು ಇಸಾರ ಪತ್ರ ಬರೆಸಿಕೊಳ್ಳುತ್ತೇನೆ. ಎರಡು ತಿಂಗಳ ಅವಧಿ. ಅದರಲ್ಲಿ ಒಂದು ಸಾಲು ಇರುತ್ತದೆ: 'ಖರೀದಿದಾರರು ಅಥವಾ ಅವರು ಸೂಚಿಸಿದವರ ಹೆಸರಿಗೆ.' ಆ ಒಂದು ಸಾಲಿನ ಮೇಲೆ ಇಡೀ ವ್ಯಾಪಾರ ನಿಂತಿದೆ. ಎರಡು ತಿಂಗಳಲ್ಲಿ ಒಳ್ಳೆ ಗಿರಾಕಿ ಹುಡುಕಿ ನನ್ನ ಜಾಗಕ್ಕೆ ಅವರನ್ನು ನಿಲ್ಲಿಸುತ್ತೇನೆ. ಅವರು ಕೊಟ್ಟ ಬೆಲೆಗೂ ನಾನು ಒಪ್ಪಿದ ಬೆಲೆಗೂ ನಡುವಿನ ಅಂತರ ನನ್ನ ಗಳಿಕೆ. ಮನೆ ಕೊಳ್ಳುವಷ್ಟು ದುಡ್ಡು ನನಗೆ ಬೇಕಾಗಿಲ್ಲ. ಗಿರಾಕಿ ಸಿಗದಿದ್ದರೆ ಮಾತ್ರ ಇಸಾರದ ಹಣ ಮುಳುಗಿತು.

ಮೇಜಿನ ಸುತ್ತಲಿನ ಗಂಡಸರು ಕೇಳಿ ಹೊಟ್ಟೆ ಹಿಡಿದು ನಕ್ಕರು. ಶಾಂತವೀರಪ್ಪನವರು ಮಾತ್ರ ನಗಲಿಲ್ಲ. ನಿಮ್ಮ ಮಗ ಹೂಂ ಅನ್ನಲಿಲ್ಲ, ಉಹೂಂ ಅನ್ನಲಿಲ್ಲ, ಅವ್ವನನ್ನು ಕೇಳು ಎಂದರು. ಅದಕ್ಕೇ ಕೇಳುತ್ತಿದ್ದೇನೆ. ಮೊದಲ ಇಸಾರಕ್ಕೆ ಐವತ್ತು ಸಾವಿರ ಬೇಕು. ಕೇಳಲು ನಾಚಿಕೆಯಾಗುತ್ತಿದೆ, ಆದರೂ ಬರೆದುಬಿಟ್ಟೆ.

ನಿಮ್ಮ ಸೊಸೆ,
ಪ್ರೇಮಾ


ಉದಗೀರ
೨೪ ಜನವರಿ ೨೦೧೬

ಸೌ. ಪ್ರೇಮಾಳಿಗೆ ಅತ್ತೆ ಶಿವಗಂಗಾಬಾಯಿಯ ಆಶೀರ್ವಾದ.

ನಿನ್ನ ಪತ್ರ ಓದಿ ಅಂಗಡಿಯ ಗಲ್ಲೆಪೆಟ್ಟಿಗೆಯ ಮೇಲೆ ಒಗೆದೆ. ಅವತ್ತು ಅಂಗಡಿಗೆ ಬಂದ ಗಿರಾಕಿಗಳಿಗೆಲ್ಲ ಸುಮ್ಮಸುಮ್ಮನೆ ಬೈದೆ. ಒಬ್ಬಾಕೆ ರವಿಕೆ ಖಣದ ಬಣ್ಣ ಹೋಗುತ್ತದೇನು ಎಂದು ಕೇಳಿದ್ದಕ್ಕೆ ನಿನ್ನ ಬಣ್ಣ ಹೋದರೂ ಇದರದ್ದು ಹೋಗುವುದಿಲ್ಲ ಎಂದುಬಿಟ್ಟೆ. ಪಾಪ, ಬಿಳಿಚಿಕೊಂಡು ಹೋದಳು. ಓಂಪ್ರಕಾಶನಿಗೆ ಇದೆಲ್ಲ ಏನಪ್ಪಾ ಎಂದು ಕೇಳಿದರೆ, "ನೀವಿಬ್ರೂ ಏನರ ಮಾಡ್ಕೋರಿ, ನನಗ ಗಾಡಿ ಬಿಡೂ ಹೊತ್ತಾತು" ಎಂದು ಸೀಟಿ ಊದಿಕೊಂಡು ಹೋದ. ಅವನಪ್ಪನೂ ಹೀಗೇ ಇದ್ದರು.

ಯಾಕೆ ಸಿಟ್ಟು ಬಂತು ಅಂತ ಹೇಳುತ್ತೇನೆ. ಇದನ್ನು ನಿನ್ನ ಗಂಡನಿಗೂ ಹೇಳಿಲ್ಲ. ಕಾಸಾರಶಿರಸಿಯಲ್ಲಿ ನನ್ನ ತವರಿನವರದು ಕಾಳುಕಡಿಯ ಅಡತಿ ಅಂಗಡಿ ಇತ್ತೆಂದು ನಿನಗೆ ಗೊತ್ತು. ಎಪ್ಪತ್ತೆರಡರ ಬರದಲ್ಲಿ ಅಡತಿ ಮುಳುಗಿತು. ನಾನು ಆಗ ಚೊಚ್ಚಲ ಬಸುರಿ, ಹೆರಿಗೆಗೆಂದು ತವರಿಗೆ ಹೋಗಿದ್ದೆ. ಒಂದು ದಿನ ಬೆಳಿಗ್ಗೆ ಮನೆಯ ಮುಂದೆ ಹಲಗೆ ಬಾರಿಸಿದರು. ಜನ ಬರುತ್ತಾರೆಂದು ನಮ್ಮವ್ವ ಅಂಗಳ ಸಾರಿಸಿ ರಂಗೋಲಿ ಹಾಕಿದ್ದಳು. ಲಿಲಾವು ಎಂದರೇನೆಂದು ಅವಳಿಗೆ ಸರಿಯಾಗಿ ಗೊತ್ತಿರಲಿಲ್ಲ. ನಮ್ಮಪ್ಪನ ಜತೆ ಕೂತು ದಿನಾ ಎಲೆ ಅಡಿಕೆ ಹಾಕುತ್ತಿದ್ದ ಸಾಹುಕಾರನೇ ಚಿಲ್ಲರೆ ಬೆಲೆಗೆ ಮನೆ ಕೂಗಿಕೊಂಡ. ಓಂಪ್ರಕಾಶ ಹುಟ್ಟಿದ್ದು ಪಕ್ಕದವರ ಕೊಟ್ಟಿಗೆ ಕೋಣೆಯಲ್ಲಿ. ನನ್ನ ಮನೆತನ ದೊಡ್ಡದು ಅಂತ ಬೀಗುತ್ತಿದ್ದವಳು ಅವತ್ತಿನಿಂದ ಆ ಊರಿಗೆ ಕಾಲಿಟ್ಟಿಲ್ಲ.

ಹಾಗಾಗಿ ಮುರಿದ ಮನೆಯಲ್ಲಿ ಅನ್ನ ಹುಡುಕಲು ಹೊರಟಿದ್ದಾಳೆ ನನ್ನ ಸೊಸೆ ಎಂದು ಮೊದಲು ಅನ್ನಿಸಿತು. ಎರಡು ದಿನ ಕಳೆದು ಇನ್ನೊಮ್ಮೆ ಓದಿದೆ. ಆಗ ಬೇರೆಯದು ಹೊಳೆಯಿತು. ಆ ಹಲಗೆಗಿಂತ ಎರಡು ತಿಂಗಳು ಮೊದಲು ಯಾರಾದರೂ ನಮ್ಮ ಮನೆಗೆ ಬಂದು, ಹೀಗೊಂದು ದಾರಿ ಇದೆ ಎಂದು ನಮ್ಮವ್ವನಿಗೆ ಹೇಳಿದ್ದರೆ ಅವಳು ಇನ್ನೂ ಹತ್ತು ವರ್ಷ ಬದುಕುತ್ತಿದ್ದಳು. ಯಾರೂ ಬರಲಿಲ್ಲ. ಆದ್ದರಿಂದ ನೀನು ಹೋಗು.

ನನ್ನ ಪಾಟಲಿಗಳನ್ನು ಓಂಪ್ರಕಾಶನ ಕೈಲಿ ಕಳಿಸಿದ್ದೇನೆ. ಒತ್ತೆ ಇಡು. ಎರಡೇ ಎರಡು ಬಂಗಾರದ ಬಳೆ ಉಳಿದಿವೆ, ಇವು ಮುಳುಗಿದರೆ ನನ್ನ ಹತ್ತಿರ ಇನ್ನೇನಿಲ್ಲ ಎನ್ನುವುದು ನೆನಪಿರಲಿ.

ಒಂದು ಮಾತು. ಗಂಡಸರ ಹತ್ತಿರ ಹೋಗಬೇಡ, ಅವರು ನೋಟೀಸು ಬಚ್ಚಿಡುತ್ತಾರೆ. ಹೆಂಗಸರ ಹತ್ತಿರ ಹೋಗು. ಸಂಕ್ರಮಣದಿಂದ ರಥಸಪ್ತಮಿಯವರೆಗೆ ಅರಿಶಿನ ಕುಂಕುಮಕ್ಕೆ ಬಂದ ಮುತ್ತೈದೆಯನ್ನು ಯಾವ ಮನೆಯವರೂ ಹೊರಗೆ ನಿಲ್ಲಿಸುವುದಿಲ್ಲ. ನನ್ನನ್ನು ಇಪ್ಪತ್ತಾರು ವರ್ಷದಿಂದ ಯಾರೂ ಅದಕ್ಕೆ ಕರೆದಿಲ್ಲ. ಖಣ ಮಾತ್ರ ನನ್ನ ಅಂಗಡಿಯದೇ ಒಯ್ಯುತ್ತಾರೆ. ನಿನಗೆ ಆ ಬಾಗಿಲು ಇದೆ, ಅದರಲ್ಲೇ ಒಳಗೆ ಹೋಗು.

ಆಶೀರ್ವಾದಗಳೊಂದಿಗೆ,
ಶಿವಗಂಗಾಬಾಯಿ


ಉಮರಗಾ
೨ ಮಾರ್ಚ್ ೨೦೧೬

ಪೂಜ್ಯ ಅತ್ತೆಯವರಿಗೆ ನಮಸ್ಕಾರ.

ಇಷ್ಟು ದಿನ ಬರೆಯದ್ದಕ್ಕೆ ಕ್ಷಮಿಸಿ. ಬರಿಗೈಯಲ್ಲಿ ಬರೆಯಬಾರದೆಂದು ಕಾದಿದ್ದೆ. ಈಗ ಬರೆಯುವಂಥದ್ದು ಇದೆ.

ನೀವು ಹೇಳಿದಂತೆಯೇ ಮಾಡಿದೆ. ಪತ್ರಿಕೆಯ ಮೂಲೆಯಲ್ಲಿ ಬರುವ ಬ್ಯಾಂಕಿನ ನೋಟೀಸುಗಳನ್ನು ಕತ್ತರಿಸಿ ಇಟ್ಟುಕೊಂಡು, ಎಳ್ಳು ಬೆಲ್ಲ, ಕುಂಕುಮದ ಬಟ್ಟಲು ಹಿಡಿದು ಹದಿನಾಲ್ಕು ಮನೆ ತಿರುಗಿದೆ. ಗುಂಡಮ್ಮ ಎನ್ನುವ ಒಬ್ಬ ಅಜ್ಜಿ ಕುಂಕುಮ ಹಚ್ಚಿಸಿಕೊಂಡು, ಎಳ್ಳು ತಿಂದು, ಆಮೇಲೆ ವಿಷಯ ಕೇಳಿ ನನ್ನ ಬಟ್ಟಲನ್ನೇ ಬೀದಿಗೆ ಒಗೆದಳು. ಇನ್ನೊಂದು ಮನೆಯಲ್ಲಿ ಮೂರು ಸಲ ಚಹಾ ಕೊಟ್ಟರು, ಮೂರು ಸಲವೂ ಅವರಿಗೆ ಸಾಲವೇ ಇರಲಿಲ್ಲ. ನೋಟೀಸು ನನ್ನ ಚೀಲದಲ್ಲೇ ಇತ್ತು.

ಹದಿನೈದನೆಯದು ಕಾಂತಾಬಾಯಿಯ ಮನೆ. ಅವರ ಯಜಮಾನರು ಮಹಾದೇವಪ್ಪ, ಯೆಣೆಗೂರ ರಸ್ತೆಯಲ್ಲಿ ದಾಲ್ ಮಿಲ್ಲು. ಹೊಸ ಯಂತ್ರಕ್ಕೆಂದು ಮನೆ ಅಡವಿಟ್ಟಿದ್ದರು. ಎರಡು ವರ್ಷದಿಂದ ತೊಗರಿಯೇ ಬಾರದೆ ಯಂತ್ರ ಸುಮ್ಮನೆ ನಿಂತಿದೆ. ನಾನು ಹೋದಾಗ ಕಾಂತಾಬಾಯಿ ಜೋಳ ಹಸನು ಮಾಡುತ್ತಿದ್ದರು. ಕುಂಕುಮ ಹಚ್ಚಿ, ಸ್ವಲ್ಪ ಹೊತ್ತು ಅದು ಇದು ಮಾತಾಡಿ, ನಿಧಾನಕ್ಕೆ ಕಾಗದದ ತುಣುಕು ತೆಗೆದು ಮುಂದಿಟ್ಟೆ. ಅವರಿಗೆ ಏನೂ ಗೊತ್ತಿರಲಿಲ್ಲ. ಅಳುತ್ತಾರೆ ಎಂದುಕೊಂಡೆ, ಬೈಯುತ್ತಾರೆ ಎಂದುಕೊಂಡೆ. ಅವರು ಮೊರ ಬದಿಗಿಟ್ಟು ಒಂದೇ ಮಾತು ಕೇಳಿದರು: "ಎಷ್ಟ ದಿನ ಉಳ್ದಾವ?"

ಅವತ್ತೇ ಸಂಜೆ ಗಂಡನನ್ನು ನನ್ನ ಮುಂದೆ ಕೂರಿಸಿದರು. ಮಹಾದೇವಪ್ಪ ಮೊದಲು ಹಾರಾಡಿದರು, ಆಮೇಲೆ ತಲೆ ತಗ್ಗಿಸಿದರು. ಬ್ಯಾಂಕಿನದು ಹದಿನೇಳು ಲಕ್ಷ. ಇಪ್ಪತ್ತೆರಡಕ್ಕೆ ಒಪ್ಪಿದರು. ಕಳೆದ ಶುಕ್ರವಾರ ಐವತ್ತು ಸಾವಿರ ಕೊಟ್ಟು ಇಸಾರ ಬರೆಸಿಕೊಂಡೆ. ಹೊರಡುವಾಗ ಕಾಂತಾಬಾಯಿ ನಿಲ್ಲು ಎಂದು ಒಳಗೆ ಹೋಗಿ ಅಕ್ಕಿ, ಕೊಬ್ಬರಿ, ಖಣ ತಂದು ನನಗೆ ಉಡಿ ತುಂಬಿದರು. ಮನೆ ಹೋಗುವ ಹೊತ್ತಿನಲ್ಲೂ ಎಂಥ ಮನಸ್ಸು ನೋಡಿ. ಸೆರಗು ಒಡ್ಡಿ ತಗೊಂಡೆ, ಕಾಲಿಗೆ ಬಿದ್ದೆ.

ಇನ್ನು ನಿಜವಾದ ಸುದ್ದಿ. ಗಿರಾಕಿ ಸಿಕ್ಕಿದ್ದಾರೆ. ದಾಳಿಂಬ ಊರಿನ ಕಾಶೆಪ್ಪ, ಆರು ನೀರಿನ ಟ್ಯಾಂಕರ್ ಇಟ್ಟಿದ್ದಾರೆ. ಈ ಬರದಲ್ಲಿ ಅವರಿಗೆ ಪುರಸೊತ್ತಿಲ್ಲ, ಊರಿಂದ ಪೇಟೆಗೆ ಬರಬೇಕೆಂದಿದ್ದಾರೆ. ಮನೆ ನೋಡಿ ಇಪ್ಪತ್ತಾರು ಕೊಡುತ್ತೇನೆ ಎಂದರು. ಲೆಕ್ಕ ಮಾಡಿ ನೋಡಿ ಅತ್ತೆ, ಒಂದೇ ಮನೆಗೆ ನಾಲ್ಕು ಲಕ್ಷ. ಹನ್ನೊಂದು ವರ್ಷ ಟೈಪು ಮಾಡಿದರೂ ನಾನು ಅಷ್ಟು ಉಳಿಸಿಲ್ಲ. ಲಿಲಾವು ಕೂಗುವ ಆ ಮೂವರು ಈಗ ಹೊಟೇಲಿನಲ್ಲಿ ನನ್ನನ್ನು ಕಂಡರೆ ಮಾತು ನಿಲ್ಲಿಸುತ್ತಾರೆ.

ಕಾಶೆಪ್ಪನವರ ಬೆಲೆ ಮಹಾದೇವಪ್ಪನವರಿಗೆ ಹೇಳಿಲ್ಲ, ಹೇಳಬೇಕಾಗಿಯೂ ಇಲ್ಲ. ವ್ಯಾಪಾರ ಅಂದರೆ ಅದೇ ಅಲ್ಲವೆ. ಮೊದಲು ನಿಮ್ಮ ಪಾಟಲಿ ಬಿಡಿಸುತ್ತೇನೆ. ಮುಂದಿನ ತಿಂಗಳು ನಿಮ್ಮ ಮುಂದೆ ಎದೆ ಉಬ್ಬಿಸಿಕೊಂಡು ನಿಲ್ಲುತ್ತೇನೆ, ನೋಡುತ್ತಿರಿ.

ನಿಮ್ಮ,
ಪ್ರೇಮಾ


ಉದಗೀರ
೮ ಮಾರ್ಚ್ ೨೦೧೬

ಪ್ರೇಮಾ,

ನಿನ್ನೆ ಶಿವರಾತ್ರಿ, ಉಪವಾಸ. ಉಪವಾಸದ ದಿನ ಸಿಟ್ಟು ಮಾಡಬಾರದೆಂದು ಇವತ್ತಿನವರೆಗೆ ತಡೆದುಕೊಂಡೆ.

ನೀನು ಗಳಿಸಿದ್ದಕ್ಕೆ ನನಗೆ ಸಂತೋಷವಿಲ್ಲವೆಂದು ತಿಳಿಯಬೇಡ. ಹದಿನಾಲ್ಕು ಮನೆ ತಿರುಗಿದ್ದು ಓದಿದಾಗ ಅಂಗಡಿಯಲ್ಲಿ ಕೂತವರಿಗೆಲ್ಲ ಗಟ್ಟಿಯಾಗಿ ಓದಿ ಹೇಳಿದೆ. ಗುಂಡಮ್ಮನ ಸುದ್ದಿಗೆ ಎಲ್ಲರೂ ನಕ್ಕರು. ಆದರೆ ಉಡಿಯ ಮಾತು ಬಂದಾಗ ಗಟ್ಟಿಯಾಗಿ ಓದುವುದನ್ನು ನಿಲ್ಲಿಸಿದೆ.

ನೀನು ಮಾಡಿದ್ದು ಏನು ಗೊತ್ತೇನು? ಅಕ್ಕಿ ಕೊಬ್ಬರಿ ಅಲ್ಲ ಆಕೆ ಕೊಟ್ಟದ್ದು. ಉಡಿ ತುಂಬಿದ ಮೇಲೆ ನೀನು ಆ ಮನೆಯ ಮಗಳು, ಅದು ನಿನ್ನ ತವರು. ಚಹಾ ಕುಡಿ, ಬೇಡ ಎನ್ನುವುದಿಲ್ಲ. ಊಟ ಮಾಡಿ ಬಾ. ವ್ಯಾಪಾರಕ್ಕೆ ಹೋದವಳು ಸೆರಗು ಒಡ್ಡಬಾರದಿತ್ತು. ಒಡ್ಡಿದ ಮೇಲೆ ತವರಿಗೆ ಬೆಲೆ ಮುಚ್ಚಿಟ್ಟು ನಾಲ್ಕು ಲಕ್ಷ ಎತ್ತಿಕೊಂಡು ಬರುವುದು ಎಲ್ಲಿಯ ರೀತಿ? ಬೇರೆಯವರಾಗಿದ್ದರೆ ನಾನು ಏನೂ ಅನ್ನುತ್ತಿರಲಿಲ್ಲ. ನಾನೂ ಖಣದ ಖರೀದಿ ಬೆಲೆಯನ್ನು ಗಿರಾಕಿಗೆ ಹೇಳುವುದಿಲ್ಲ. ಆದರೆ ನನ್ನ ಅಣ್ಣನ ಹೆಂಡತಿ ಬಂದರೆ ಲಾಭ ಹಿಡಿದಿಲ್ಲ, ಒಮ್ಮೆಯೂ ಇಲ್ಲ.

ಉಡಿ ವಾಪಸು ಕೊಡಲು ಬರುವುದಿಲ್ಲ. ಹಾಗಾದರೆ ಉಳಿದದ್ದು ಒಂದೇ. ಹೋಗಿ ಬೆಲೆ ಹೇಳು.

ಹೇಳಿದರೆ ವ್ಯಾಪಾರ ಕೈಬಿಡಬಹುದು. ನನ್ನ ಪಾಟಲಿಯೂ ಹೋಗಬಹುದು. ಹೋಗಲಿ.

ಶಿವಗಂಗಾಬಾಯಿ


ಉದಗೀರ
೩ ಏಪ್ರಿಲ್ ೨೦೧೬

ಪ್ರೇಮಾಳಿಗೆ ಆಶೀರ್ವಾದ.

ನಾಲ್ಕು ವಾರವಾಯಿತು. ಓಂಪ್ರಕಾಶ ಪ್ರತಿ ಸಲ ಖಾಲಿ ಕೈ ತೋರಿಸುತ್ತಾನೆ. ಹೇಗಿದ್ದಾಳೆ ಎಂದರೆ ಚೆನ್ನಾಗಿದ್ದಾಳೆ, ಊಟ ಮಾಡುತ್ತಾಳೆ ಎನ್ನುತ್ತಾನೆ. ಎಮ್ಮೆಯ ಸುದ್ದಿ ಹೇಳಿದ ಹಾಗೆ.

ಕಟುವಾಗಿ ಬರೆದೆ, ಗೊತ್ತು. ಬರೆದದ್ದನ್ನು ಹಿಂದೆ ತಗೊಳ್ಳುವುದಿಲ್ಲ. ಆದರೆ ನಿನ್ನ ಮೇಲೆ ನಂಬಿಕೆ ಇಲ್ಲದಿದ್ದರೆ ಅಷ್ಟು ಬರೆಯುತ್ತಲೂ ಇರಲಿಲ್ಲ. ಯುಗಾದಿ ಹತ್ತಿರ ಬಂತು. ಒಂದು ಸೀರೆ ಕಳಿಸಿದ್ದೇನೆ, ಹಸಿರು. ಬಣ್ಣ ಹೋಗುವುದಿಲ್ಲ.

ಅತ್ತೆ


ಉಮರಗಾ
೧೭ ಏಪ್ರಿಲ್ ೨೦೧೬

ಪೂಜ್ಯ ಅತ್ತೆಯವರಿಗೆ ನಮಸ್ಕಾರ.

ಸೀರೆ ಉಟ್ಟೆ. ಚೆನ್ನಾಗಿದೆ. ನಿಮ್ಮ ಪತ್ರ ಓದಿ ಎಂಟು ದಿನ ನಿಮ್ಮ ಮೇಲೆ ಸಿಟ್ಟಿದ್ದೆ. ಉದಗೀರದಲ್ಲಿ ಗಲ್ಲೆಯ ಮುಂದೆ ಕೂತು ಹೇಳುವುದು ಸುಲಭ ಎಂದು ಇವರ ಮುಂದೆ ಕೂಗಾಡಿದೆ. ಇವರು ತಟ್ಟೆ ತೊಳೆದಿಟ್ಟು ಡ್ಯೂಟಿಗೆ ಹೋದರು. ಆಮೇಲಿನ ದಿನಗಳಲ್ಲಿ ಕಾಂತಾಬಾಯಿ ತುಂಬಿದ ಅಕ್ಕಿಯನ್ನು ಅನ್ನ ಮಾಡಲಿಲ್ಲ, ಬೇರೆಯವರಿಗೂ ಕೊಡಲಿಲ್ಲ. ಅದು ಅಡುಗೆಮನೆಯಲ್ಲಿ ಕೂತು ನನ್ನನ್ನೇ ನೋಡಿದ ಹಾಗಿತ್ತು. ಕಡೆಗೆ ಮಾರ್ಚ್ ಮುಗಿಯುವಾಗ ಅವರ ಮನೆಗೆ ಹೋದೆ.

ಇಬ್ಬರನ್ನೂ ಕೂರಿಸಿ ಇದ್ದದ್ದು ಇದ್ದ ಹಾಗೆ ಹೇಳಿದೆ. ಕಾಶೆಪ್ಪ ಇಪ್ಪತ್ತಾರು ಕೊಡುತ್ತಾರೆ, ನಾನು ನಿಮ್ಮಿಂದ ಇಪ್ಪತ್ತೆರಡಕ್ಕೆ ಬರೆಸಿಕೊಂಡೆ, ನಡುವಿನದು ನನ್ನದೆಂದು ಲೆಕ್ಕ ಹಾಕಿದ್ದೆ ಎಂದೆ. ಮಹಾದೇವಪ್ಪ ಎದ್ದು ಗಾಡಿ ಹತ್ತಿ ನೇರ ದಾಳಿಂಬಕ್ಕೆ ಹೋದರು. ಕಾಶೆಪ್ಪ, ಇಸಾರ ಆ ಹೆಣ್ಣುಮಗಳ ಹೆಸರಿನಲ್ಲಿದೆ, ಅದನ್ನು ರದ್ದು ಮಾಡಿಸಿಕೊಂಡು ಬಾ ಎಂದು ಕಳಿಸಿದರಂತೆ. ಅದೇ ವಾರ ಬ್ಯಾಂಕಿನವರು ಬಾಗಿಲಿಗೆ ಕಾಗದ ಅಂಟಿಸಿದರು. ಮಹಾದೇವಪ್ಪ ಎರಡು ವಾರ ನನ್ನ ಫೋನು ಎತ್ತಲಿಲ್ಲ. ಆ ದಿನಗಳಲ್ಲಿ ನಿಮಗೆ ಏನು ಬರೆಯಲಿ? ಪಾಟಲಿ ಹೋಯಿತು, ವ್ಯಾಪಾರ ಹೋಯಿತು, ಅವರ ಮನೆಯೂ ಹೋಗುತ್ತದೆ ಎಂದು ಬರೆಯಬೇಕಿತ್ತು.

ಕಳೆದ ಬುಧವಾರ ಮಧ್ಯಾಹ್ನ ರಜಿಸ್ಟ್ರಿ ಕಚೇರಿಯ ಮುಂದೆ ಜನವೋ ಜನ. ಲಾತೂರಿಗೆ ರೈಲಿನಲ್ಲಿ ನೀರು ಬಂದ ಸುದ್ದಿಯನ್ನೇ ಎಲ್ಲರೂ ಆಡುತ್ತಿದ್ದರು. ಅಲ್ಲಿಗೆ ಮಹಾದೇವಪ್ಪ ಬಂದರು. ಎಲ್ಲರ ಎದುರು, "ಕುಂಕುಮ ಹಚ್ಕೊಂಡು ಬಂದು ನಮ್ಮ ಕುತ್ತಗಿ ಕೊಯ್ದಿ" ಎಂದರು. ಇಸಾರದ ಕಾಗದ ತೆಗೆದು ಮೇಜಿನ ಮೇಲಿಟ್ಟೆ. ನನ್ನ ಐವತ್ತು ಸಾವಿರ ಕೊಡಿ, ಈಗಲೇ ಇಲ್ಲೇ ಹರಿಯುತ್ತೇನೆ ಎಂದೆ. ಅವರ ಹತ್ತಿರ ಅಷ್ಟು ಎಲ್ಲಿದೆ. ಆಗ ಆ ಮೂವರಲ್ಲಿ ಒಬ್ಬ ಚಹಾ ಬಿಟ್ಟು ಎದ್ದು ಬಂದ. ಜೇಬಿನಿಂದ ನೋಟಿನ ಕಟ್ಟು ತೆಗೆದು, "ತಗೋರಿ ಅಣ್ಣಾ, ಆಮ್ಯಾಲ ಕೊಡೀರಂತ" ಎಂದ. ಇಸಾರ ಹರಿದರೆ ಮನೆಗೆ ಯಾವ ಕಟ್ಟೂ ಇರುವುದಿಲ್ಲ, ಆ ಮೂವರು ಕಾಶೆಪ್ಪನವರನ್ನು ಹೆದರಿಸಿ ಹಿಂದೆ ಸರಿಸುತ್ತಾರೆ, ಮನೆ ಸೀದಾ ಲಿಲಾವಿಗೆ ಹೋಗುತ್ತದೆ, ಅವರ ಬಾಯಿಗೆ ಬೀಳುತ್ತದೆ. ನನಗೆ ಅದು ತಿಳಿಯಿತು. ಸಿಟ್ಟಿನಲ್ಲಿದ್ದ ಮಹಾದೇವಪ್ಪನವರಿಗೆ ತಿಳಿಯಲಿಲ್ಲ, ಕೈ ಚಾಚಿಯೇ ಬಿಟ್ಟರು.

ಆಟೋದಿಂದ ಕಾಂತಾಬಾಯಿ ಇಳಿದದ್ದು ಆಗ. ಗಂಡ ಹೋದ ರೀತಿ ನೋಡಿ ಹಿಂದೆಯೇ ಬಂದಿದ್ದರು. ಅವರು ನನ್ನ ಕಡೆ ನೋಡಲೂ ಇಲ್ಲ. ಗಂಡನ ಕೈ ಹಿಡಿದು ಕೆಳಗಿಳಿಸಿದರು.

"ಈ ಮನಷಾ ನಿಮಗ ಐವತ್ತ ಸಾವಿರ ಯಾಕ ಕೊಡ್ತಾನ, ಅದನ್ನ ಕೇಳ್ರಿ ಮೊದಲ. ಈಕಿ ಮೋಸ ಮಾಡಾಕಿ ಇದ್ರ ನಮ್ಮನಿಗಿ ಬಂದು ತಾನ ಹೇಳ್ತಿದ್ಳೇನು?"

ನಾನು, ನನಗೆ ಏನೂ ಬೇಡ, ಇಪ್ಪತ್ತಾರಕ್ಕೆ ಮಾರಿ, ಇಸಾರದ ಹಣ ವಾಪಸು ಬಂದರೆ ಸಾಕು, ಉಡಿ ತುಂಬಿಸಿಕೊಂಡ ಮನೆಯಿಂದ ಲಾಭ ತಗೊಳ್ಳಲಾರೆ ಎಂದೆ. ನಿಮ್ಮ ಮಾತನ್ನೇ ಹೇಳಿದೆ ಅತ್ತೆ. ಆಗ ಕಾಂತಾಬಾಯಿ ನನ್ನ ಕಡೆ ತಿರುಗಿದರು. ನನ್ನ ಮೇಲೆ ಅವರಿಗೆ ಮೊದಲ ಸಲ ಸಿಟ್ಟು ಬಂದದ್ದು ಅಲ್ಲಿ.

"ಬ್ಯಾಡ ಅನ್ನಾಕಿ ನೀ ಯಾರ? ಉಡಿ ತುಂಬಿದಾಕಿ ನಾ. ನಮ್ಮ ಮನಿ ಮುಳಗಿರಬಹುದು, ಮಗಳನ್ನ ಬರಿಗೈಲೆ ಕಳಸೂ ಮನಿ ಅಲ್ಲ ಅದು. ಒಂದ ಲಾಖ ನಿಂದು. ಉಳದದ್ದು ನಮ್ದು."

ಮಹಾದೇವಪ್ಪ ಮೇಜಿನ ಮೇಲೆ ಕೈಯೂರಿ ಕುಳಿತುಬಿಟ್ಟರು. ಶಾಂತವೀರಪ್ಪನವರನ್ನು ಒಂದು ಗ್ಲಾಸು ನೀರು ಕೇಳಿದರು. ಕುಡಿದು, "ಬರೀರಿ" ಎಂದರು. ಶಾಂತವೀರಪ್ಪನವರು ಆ ಲೆಕ್ಕ ಬರೆದು, ಇಸಾರದ ಅವಧಿಯನ್ನೂ ಮೇ ಮಧ್ಯದವರೆಗೆ ಮುಂದೂಡಿದರು.

ಸೆರಗು ಒಡ್ಡಿದರೆ ಲಾಭ ತಗೊಳ್ಳಬಾರದು ಎಂದು ನಾವು ಲೆಕ್ಕ ಹಾಕಿದೆವು. ತುಂಬಿದವರ ಲೆಕ್ಕ ಬೇರೆ ಇತ್ತು. ಇದನ್ನು ನೀವೂ ಯೋಚಿಸಿರಲಿಲ್ಲ, ಒಪ್ಪಿಕೊಳ್ಳಿ.

ಆ ಅಕ್ಕಿಯನ್ನು ನಿನ್ನೆ ಬೇಯಿಸಿದೆ. ಇವರು ಎರಡು ಸಲ ಬಡಿಸಿಕೊಂಡರು.

ಪ್ರೇಮಾ


ಉಮರಗಾ
೬ ಮೇ ೨೦೧೬

ಪೂಜ್ಯ ಅತ್ತೆಯವರಿಗೆ ನಮಸ್ಕಾರ.

ಇವತ್ತು ಬೆಳಿಗ್ಗೆ ಹನ್ನೊಂದು ಗಂಟೆಗೆ ರಜಿಸ್ಟ್ರಿ ಆಯಿತು. ಲಿಲಾವಿಗೆ ಇನ್ನೂ ಎರಡು ವಾರ ಇತ್ತು. ಕಾಶೆಪ್ಪ ಮೊದಲು ಬ್ಯಾಂಕಿನ ಹಣ ಕಟ್ಟಿದರು, ಬ್ಯಾಂಕಿನವರು ಬಾಕಿ ಇಲ್ಲವೆಂದು ಕಾಗದ ಕೊಟ್ಟರು, ಬಾಗಿಲಿನ ನೋಟೀಸನ್ನು ಅಂಟಿಸಿದವನೇ ಬಂದು ಕಿತ್ತುಕೊಂಡು ಹೋದ. ಉಳಿದ ಹಣದಲ್ಲಿ ಮಹಾದೇವಪ್ಪ ಮಿಲ್ಲು ಉಳಿಸಿಕೊಂಡು ಅದರ ಹಿಂದಿನ ಎರಡು ಕೋಣೆಯಲ್ಲಿ ಸಂಸಾರ ಹೂಡುತ್ತಾರೆ. ಮಳೆ ಬಂದರೆ ಮುಂದಿನ ವರ್ಷ ತೊಗರಿ ಬರುತ್ತದೆ. ಕಾಂತಾಬಾಯಿಗೆ ಬೇಸರವಿಲ್ಲವೆಂದರೆ ಸುಳ್ಳಾಗುತ್ತದೆ. ಆದರೆ ಅವರು ಇವತ್ತು ಕಚೇರಿಗೆ ಒಳ್ಳೆಯ ಸೀರೆ ಉಟ್ಟುಕೊಂಡು, ತಲೆ ಎತ್ತಿ ಬಂದಿದ್ದರು. ಊರಲ್ಲಿ ಯಾರೂ ಅವರನ್ನು ಲಿಲಾವಾದ ಮನೆಯವರು ಎನ್ನುವ ಹಾಗಿಲ್ಲ.

ಇಸಾರ ನನ್ನ ಹೆಸರಿಗಿದ್ದುದರಿಂದ ಖರೀದಿಪತ್ರದಲ್ಲಿ ಒಪ್ಪಿಗೆ ಕೊಡುವವಳಾಗಿ ನನ್ನ ಹೆಸರೂ ಬರಬೇಕಾಗಿತ್ತು. ಶಾಂತವೀರಪ್ಪನವರು, "ನಿಂದು ನೀನ ಬರ್ಕೊ" ಎಂದು ಕುರ್ಚಿ ಬಿಟ್ಟು ಹೊರಗೆ ಹೋದರು. ಕೂತು ಟೈಪು ಮಾಡಿದೆ. ಹೆಸರು, ವಯಸ್ಸು, ಆಮೇಲೆ ಧಂದೆ, ಅಂದರೆ ಉದ್ಯೋಗ. ಅಲ್ಲಿ ಹೆಂಗಸರಿಗೆಲ್ಲ ಒಂದೇ ಮರಾಠಿ ಮಾತು ಬೀಳುತ್ತದೆ, 'ಘರಕಾಮ', ಮನೆಗೆಲಸ. ಹನ್ನೊಂದು ವರ್ಷದಲ್ಲಿ ಎಷ್ಟು ಸಾವಿರ ಹೆಂಗಸರಿಗೆ ಅದನ್ನು ಹೊಡೆದಿದ್ದೇನೋ. ಹೊಲ ನಡೆಸುವವರಿಗೂ ಅದೇ, ಗಿರಣಿ ನಡೆಸುವವರಿಗೂ ಅದೇ. ಯಾರನ್ನೂ ಕೇಳಿದವಳಲ್ಲ. ಬೆರಳು ತಾನೇ ಹೋಗಿ ಅದನ್ನೇ ಹೊಡೆಯಿತು. ಪರದೆಯ ಮೇಲೆ ಅದನ್ನು ನೋಡಿದೆ. ಆಮೇಲೆ ಅಳಿಸಿ 'ವ್ಯಾಪಾರ' ಎಂದು ಹೊಡೆದೆ.

ಒಳಗೆ ಗುಮಾಸ್ತ ಎಲ್ಲರಿಗೂ ಕೇಳುವಂತೆ ಓದಿದ. ಆ ಮಾತು ಬಂದಾಗ ಕಾಗದದಿಂದ ಕಣ್ಣೆತ್ತಿ ನನ್ನನ್ನು ನೋಡಿದ. ನಾನೂ ಅವನನ್ನು ನೋಡಿದೆ. ಅವನು ಮುಂದಕ್ಕೆ ಓದಿದ.

ಅತ್ತೆ, ನನಗೆ ಬಹಳ ಹೆಮ್ಮೆಯಾಯಿತು. ಬೇರೆ ಯಾರಿಗೆ ಹೇಳಿದರೂ ಇಷ್ಟಕ್ಕೇ ಇಷ್ಟೊಂದು ಎನ್ನುತ್ತಾರೆ. ಅದಕ್ಕೆ ನಿಮಗೆ ಬರೆಯುತ್ತಿದ್ದೇನೆ. ಆ ಪುಟದ ಝೆರಾಕ್ಸ್ ಒಂದನ್ನು ಇದರ ಜತೆ ಇಟ್ಟಿದ್ದೇನೆ. ಪಾಟಲಿಯನ್ನೂ ಬಿಡಿಸಿ ಕಳಿಸಿದ್ದೇನೆ. ನಿಮ್ಮ ಮಗ, ನಾಲ್ಕರಲ್ಲಿ ಮೂರು ಬಿಟ್ಟೆ ಎಂದು ಒಂದು ದಿನ ಗೊಣಗಿದರು. ಇವತ್ತು ಮಾತ್ರ ರಜೆ ಹಾಕಿ ಇಸ್ತ್ರಿ ಅಂಗಿ ಹಾಕಿಕೊಂಡು ಕಚೇರಿಯ ಹೊರಗೆ ನಿಂತಿದ್ದರು. ಬಂದವರಿಗೆಲ್ಲ ಪೇಢೆ ಹಂಚಿದರು, ಆ ಮೂವರಿಗೂ.

ನಿಮ್ಮ ಸೊಸೆ,
ಪ್ರೇಮಾ


ಉದಗೀರ
೧೦ ಮೇ ೨೦೧೬

ಚಿ. ಸೌ. ಪ್ರೇಮಾಳಿಗೆ ಶಿವಗಂಗಾಬಾಯಿಯ ತುಂಬು ಹೃದಯದ ಆಶೀರ್ವಾದ.

ನಿನ್ನೆ ಬಸವ ಜಯಂತಿ. ಅಕ್ಷಯ ತೃತೀಯವೂ ಅದೇ ದಿನ ಬಂದದ್ದರಿಂದ ಅಂಗಡಿಗೆ ಒಳ್ಳೆ ಜನ. ನಿನ್ನ ಕಾಗದದ ಪುಟವನ್ನು ಗಲ್ಲೆಯ ಗಾಜಿನ ಕೆಳಗೆ ಇಟ್ಟಿದ್ದೇನೆ. ದುಡ್ಡು ಕೊಡಲು ಬಂದವರೆಲ್ಲ ಇದೇನು ಅಂತ ಕೇಳಲೇಬೇಕು. ಕೇಳದೆ ಹೋದವರನ್ನು ನಾನೇ ಕರೆದು ತೋರಿಸಿದೆ. ಪಕ್ಕದ ಬಳೆ ಅಂಗಡಿಯ ಮಾಣಿಕಬಾಯಿಗೆ ಮೂರು ಸಲ ಓದಿ ಹೇಳಿದೆ. ಮೂರನೆಯ ಸಲ ಅವಳೇ ನನಗಿಂತ ಮೊದಲು ಹೇಳಿದಳು.

ಉಡಿಯ ಲೆಕ್ಕದಲ್ಲಿ ನಾನು ತಪ್ಪಿದೆ, ಒಪ್ಪಿಕೊಂಡಿದ್ದೇನೆ. ಅರವತ್ತಾರು ವರ್ಷದಲ್ಲಿ ಇದು ಮೊದಲ ಸಲ, ಯಾರಿಗೂ ಹೇಳಬೇಡ. ಕಾಂತಾಬಾಯಿಗೆ ಒಂದು ಖಣ ಕಳಿಸಿದ್ದೇನೆ. ಉಮರಗಾಕ್ಕೆ ಬಂದರೆ ಆಕೆಯನ್ನು ನೋಡಬೇಕು. ಪಾಟಲಿ ಮುಟ್ಟಿತು, ವಾಪಸು ಕಳಿಸಿದ್ದೇನೆ. ಪೆಟ್ಟಿಗೆಯಲ್ಲಿ ಕೂತು ಅವು ಏನು ಮಾಡುತ್ತವೆ? ಎರಡನೆಯ ಮನೆಗೆ ಹಾಕು. ನನ್ನ ಸೊಸೆ ನನ್ನ ಬಂಗಾರದ ಮೇಲೆ ವ್ಯಾಪಾರ ಮಾಡುತ್ತಾಳೆ ಎಂದು ಹೇಳಿಕೊಳ್ಳಲು ನನಗೆ ಹೆಮ್ಮೆ.

ಇನ್ನೊಂದು ಕೆಲಸ ಇದೆ. ನಿನ್ನ ಪುಟ ನೋಡಿದ ಮೇಲೆ ನನ್ನ ಅಂಗಡಿಯ ಬಾಡಿಗೆ ಕರಾರನ್ನು ಟ್ರಂಕಿನಿಂದ ತೆಗೆಸಿದೆ. ಇಪ್ಪತ್ತಾರು ವರ್ಷ ಪ್ರತಿ ಸಲ ಹೆಬ್ಬೆಟ್ಟು ಒತ್ತಿ ಸಹಿ ಮಾಡಿದ್ದೇನೆ, ಒಮ್ಮೆಯೂ ಪೂರ್ತಿ ಓದಿಲ್ಲ. ಈಗ ಕನ್ನಡಕ ಹಾಕಿಕೊಂಡು ಓದಿದೆ. ದಿನಾ ಬೆಳಿಗ್ಗೆ ಒಂಬತ್ತಕ್ಕೆ ಶಟರು ಎತ್ತಿ, ರಾತ್ರಿ ಎಂಟಕ್ಕೆ ಇಳಿಸಿ, ಸೋಲಾಪುರದಿಂದ ಮಾಲು ತರಿಸಿ, ಓಂಪ್ರಕಾಶನನ್ನು ಓದಿಸಿ, ನಿನ್ನನ್ನು ಸೊಸೆಯಾಗಿ ತಂದದ್ದೂ ಅದೇ ಅಂಗಡಿಯಿಂದ. ಅದೇ ಅಂಗಡಿಯ ಕರಾರಿನಲ್ಲಿ ನನ್ನ ಧಂದೆ ಏನೆಂದು ಬರೆದಿದ್ದಾರೆ ಗೊತ್ತೇನು? ಘರಕಾಮ.

ಜೂನಿನಲ್ಲಿ ಕರಾರು ಹೊಸದಾಗುತ್ತದೆ. ಇಲ್ಲಿ ಯಾರ ಹತ್ತಿರವೂ ಬರೆಸುವುದಿಲ್ಲ. ನೀನೇ ಬಂದು ಟೈಪು ಮಾಡಿಕೊಡು. ನಿನ್ನ ಕೂಲಿ ಏನಿದೆಯೋ ಅದನ್ನು ಕೊಡುತ್ತೇನೆ, ಒಂದು ರೂಪಾಯಿ ಕಡಿಮೆ ಮಾಡಬೇಡ. ಧಂದೆ ಎನ್ನುವಲ್ಲಿ ನಿನ್ನದೇ ಮಾತು ಬರಲಿ. ಅಕ್ಷರ ಸ್ವಲ್ಪ ದೊಡ್ಡದಿರಲಿ, ನನ್ನ ಕಣ್ಣು ಮಂದ.

ನಿನ್ನ ಅತ್ತೆ,
ಶಿವಗಂಗಾಬಾಯಿ, ವ್ಯಾಪಾರಿ